ಹದಿನೆಂಟು ನಿಮಿಷಕ್ಕೆ ಸಂಡೂರು

ಉಚ್ಚೆಂಗಪ್ಪನಿಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ. ಅದಕ್ಕಿಂತ ದೊಡ್ಡ ತೊಂದರೆಯೆಂದರೆ, ಬೇರೆಯವರು ಹೇಳಿದ ಸುಳ್ಳು ಅವನಿಗೆ ಗೊತ್ತೂ ಆಗುತ್ತಿರಲಿಲ್ಲ. ಹೊಸಪೇಟೆಯ ಡ್ಯಾಂ ರಸ್ತೆಯಲ್ಲಿ ಇಪ್ಪತ್ತೆರಡು ವರ್ಷದಿಂದ ಬೈಕ್ ರಿಪೇರಿ ಮಾಡಿಕೊಂಡಿದ್ದ. ತಗಡಿನ ಒಂದು ಶೆಡ್ಡು, ಮುಂದೆ ನಾಲ್ಕು ಗಾಡಿ ನಿಲ್ಲುವಷ್ಟು ಬಯಲು, ಅಷ್ಟೇ ಅವನ ಗ್ಯಾರೇಜು. ಗಾಡಿಗೆ ಏನೂ ಆಗಿಲ್ಲದಿದ್ದರೆ "ಏನೂ ಆಗಿಲ್ಲ, ಒಯ್ರಿ" ಎಂದು ಕಳಿಸಿಬಿಡುವ ಮೇಸ್ತ್ರಿ ಎಂದು ಊರಲ್ಲಿ ಹೆಸರಾಗಿತ್ತು. ಏನಾದರೂ ಆಗಿದ್ದರೆ ಮಾತ್ರ, ಅದು ಸರಿಯಾಗುವವರೆಗೆ ಅವನ ಕೈಯಿಂದ ಗಾಡಿ ಬಿಡಿಸಿಕೊಳ್ಳುವುದು ಯಾರಿಂದಲೂ ಆಗುತ್ತಿರಲಿಲ್ಲ.

ಅದಕ್ಕೊಂದು ಕಾರಣವಿತ್ತು. ಹತ್ತು ವರ್ಷದ ಹಿಂದೆ ಮಾರುತೇಶ್ ಎಂಬ ಬಾಳೆಹಣ್ಣಿನ ವ್ಯಾಪಾರಿ ಅವಸರ ಮಾಡಿದನೆಂದು ಬ್ರೇಕ್ ಪೂರ್ತಿ ನೋಡದೆ ಸ್ಕೂಟರ್ ಕೊಟ್ಟು ಕಳಿಸಿದ್ದ. ಅದೇ ಸಂಜೆ ಮಾರುತೇಶ್ ಕಬ್ಬಿನ ಟ್ರ್ಯಾಕ್ಟರಿನ ಹಿಂಬದಿಗೆ ಗುದ್ದಿ ಕಾಲು ಮುರಿದುಕೊಂಡ. ಅವನು ಒಂದು ದಿನವೂ ದೂರಲಿಲ್ಲ. ಈಗಲೂ ಮಾರ್ಕೆಟ್ಟಿನಲ್ಲಿ ಕುಂಟುತ್ತ ಎದುರಾದರೆ "ಆರಾಮೇನ್ರಿ ಮೇಸ್ತ್ರಿ?" ಎಂದು ನಗುತ್ತಾನೆ. ಆ ನಗು ಕಂಡ ದಿನ ಉಚ್ಚೆಂಗಪ್ಪನಿಗೆ ಊಟ ಸೇರುವುದಿಲ್ಲ.

ಒಂದು ಶನಿವಾರ ಸಂಜೆ ಸಿದ್ದಲಿಂಗೇಶ್ ಬಂದ. ಕಂಪ್ಲಿಯ ಅಕ್ಕಿ ಗಿರಣಿ ವಿರೂಪಾಕ್ಷಪ್ಪನವರ ಒಬ್ಬನೇ ಮಗ, ವಯಸ್ಸು ಇಪ್ಪತ್ತೇಳು. ಸಂಜೆಯಾದರೂ ಕಪ್ಪು ಕನ್ನಡಕ, ಮೊಣಕಾಲಿನ ತನಕ ಬೂಟು, ತುದಿ ತಿರುವಿದ ಮೀಸೆ. ತೋರಣಗಲ್ಲಿನ ಹುಡುಗಿಯೊಂದಿಗೆ ನಿಶ್ಚಿತಾರ್ಥವಾಗಿ ತಿಂಗಳಾಗಿತ್ತು. ಅವನ ಕರೀ ಬುಲೆಟ್ ಎರಡು ದಿನದಿಂದ ಗ್ಯಾರೇಜಿನ ಬಯಲಿನಲ್ಲಿ ನಿಂತಿತ್ತು.

"ಮೇಸ್ತ್ರಿ, ನಾಳೆ ಹತ್ತು ಗಂಟೆಕ್ಕ ಗಾಡಿ ಬೇಕು. ನಮ್ಮ ಹುಡುಗೀನ ಸಂಡೂರು ಘಟ್ಟದಾಗಿನ ಹರಿಶಂಕರ ತೀರ್ಥಕ್ಕ ಕರ್ಕೊಂಡು ಹೊಂಟೀನಿ" ಎಂದ.

"ಆಗಂಗಿಲ್ರಿ ಸಾವ್ಕಾರ್ರ. ಮುಂದಿನ ಬ್ರೇಕಿನ ಪೈಪು ಸೀಳೈತಿ. ಎಣ್ಣಿ ಎಲ್ಲಾ ಇಳಿಸೀನಿ. ಹೊಸಾ ಪೈಪು ನಾಳೆ ಬಳ್ಳಾರಿ ಬಸ್ಸಿಗೆ ಬರ್ತೈತಿ. ಹಾಕಿ ಕೊಡಾಕ ಮಧ್ಯಾಹ್ನ ಎರಡಾದ್ರೂ ಆಗ್ತೈತಿ."

"ಹಿಂದಿನ ಬ್ರೇಕ್ ಐತಲ್ಲ?"

"ಐತಿ ಅನ್ನಾಕ ಐತಿ. ಅದೂ ಸವದು ಹೋಗೈತಿ. ಊರಾಗ ಓಡಾಡಿದ್ರ ಒಂದು ಮಾತು. ಘಟ್ಟಕ್ಕ ಬ್ಯಾಡ್ರಿ."

ಸಿದ್ದಲಿಂಗೇಶ್ ಕನ್ನಡಕ ತೆಗೆದು ನಕ್ಕ. ಪಕ್ಕದಲ್ಲಿ ತಮ್ಮ ಗಾಡಿಗೆ ಕಾಯುತ್ತ ನಿಂತಿದ್ದ ಇಬ್ಬರಿಗೂ ಕೇಳುವಂತೆ ದನಿ ಎತ್ತರಿಸಿದ. "ಬ್ರೇಕಾ? ನಾ ಬ್ರೇಕ್ ಹಿಡಿಯಾವ ಏನು? ಹೋದ ತಿಂಗಳು ಹೊಸಪೇಟೆ ಬಿಟ್ಟು ಹದಿನೆಂಟು ನಿಮಿಷಕ್ಕ ಸಂಡೂರಾಗ ಚಾ ಕುಡದೀನಿ. ಅದಿರಿನ ಲಾರಿಯವ್ರು ನನ್ನ ಗಾಡಿ ಸಪ್ಪಳ ಕೇಳಿದ್ರ ಸೈಡಿಗೆ ಹಾಕ್ತಾರ. ಒಮ್ಮೆ ಘಟ್ಟದಾಗ ಕರಡಿ ಅಡ್ಡ ಬಂದಿತ್ತು. ನೂರಾ ಹತ್ತರಾಗ ಇದ್ದೆ. ಬ್ರೇಕ್ ಮುಟ್ಟಲಿಲ್ಲ, ಹಂಗ ಬಗ್ಗಿ ಅದರ ಮಗ್ಗಲದಾಗ ಹಾದು ಹೋದೆ."

ಉಚ್ಚೆಂಗಪ್ಪ ಗಾಬರಿಯಿಂದ ಕೇಳಿದ. "ಕರಡಿಗೆ ಏನಾರ ಆತೇನ್ರಿ?"

ಕಾಯುತ್ತ ನಿಂತವರಿಬ್ಬರೂ ನಕ್ಕುಬಿಟ್ಟರು. ಅವರು ತನ್ನನ್ನು ನೋಡಿ ನಗುತ್ತಿದ್ದಾರೆಂದು ಸಿದ್ದಲಿಂಗೇಶನಿಗೆ ಸಿಟ್ಟು ಬಂತು. ಮೇಸ್ತ್ರಿ ಚಾಷ್ಟಿ ಮಾಡುತ್ತಿದ್ದಾನೆ ಅಂದುಕೊಂಡ. ಉಚ್ಚೆಂಗಪ್ಪನಿಗೆ ಚಾಷ್ಟಿ ಎಂಬುದೇ ತಿಳಿಯದು.

"ನಿನಗೇನು ಗೊತ್ತು ಸ್ಪೀಡು? ನಿನ್ನ ಆ ಟಿವಿಎಸ್ಸಿಗೆ ಎಮ್ಮಿನೂ ದಾರಿ ಬಿಡಂಗಿಲ್ಲ!"

"ಬಿಡಂಗಿಲ್ರಿ. ಖರೇ ಐತಿ."

"ಗಾಡಿ ನಂದು. ನಾ ಒಯ್ಯಾವ."

"ಗಾಡಿ ನಿಮ್ದ ಐತ್ರಿ. ಆದ್ರ ಬ್ರೇಕು ನನ್ನ ಕೈಯಾಗ ಐತಿ. ಅದು ಸರಿಯಾಗೋತನ ಬಿಡಂಗಿಲ್ಲ. ನೀವು ಬೈದ್ರೂ ಬಿಡಂಗಿಲ್ಲ, ಹೊಡದ್ರೂ ಬಿಡಂಗಿಲ್ಲ."

ಸಿದ್ದಲಿಂಗೇಶ್ ಬೈದ. ಈ ಗ್ಯಾರೇಜಿಗೆ ನಾಳೆಯಿಂದ ನಾಯಿಯೂ ಬರದ ಹಾಗೆ ಮಾಡುತ್ತೇನೆಂದ. ಬೂಟಿನ ಸಪ್ಪಳ ಮಾಡುತ್ತ ಆಟೊ ಹತ್ತಿ ಹೊರಟುಹೋದ. ಉಚ್ಚೆಂಗಪ್ಪ ಬುಲೆಟ್ಟಿನ ಕೀಲಿಕೈಯನ್ನು ಶೆಡ್ಡಿನ ಡಬ್ಬದಲ್ಲಿ ಹಾಕಿ ಬೀಗ ಜಡಿದ. ಗಾಡಿಗೆ ಇನ್ನೊಂದು ಕೀಲಿಕೈ ಇರುತ್ತದೆ ಎಂಬುದು ಅವನ ತಲೆಗೆ ಹೊಳೆಯಲಿಲ್ಲ.

ಮರುದಿನ ಬಳ್ಳಾರಿ ಬಸ್ಸು ತಡವಾಯಿತು. ಪೈಪು ತೆಗೆದುಕೊಂಡು ಗ್ಯಾರೇಜಿಗೆ ಬರುವಷ್ಟರಲ್ಲಿ ಹನ್ನೊಂದೂಕಾಲು. ಬುಲೆಟ್ ನಿಂತಿದ್ದ ಜಾಗದಲ್ಲಿ ನೆಲದ ಮೇಲೆ ಅಂಗೈ ಅಗಲದ ಎಣ್ಣೆಯ ಕಲೆ ಮಾತ್ರ ಇತ್ತು.

ಎದುರಿನ ಚಹದಂಗಡಿಯ ವಿರುಪಮ್ಮ ಅಲ್ಲಿಂದಲೇ ಕೂಗಿದಳು. "ನಿನಗ ಹೇಳೀನಿ ಅಂದನಪಾ ಆ ಹುಡುಗ! ಬೇವಿನ ಗಿಡದ ತನಕ ತಳ್ಳಿಕೊಂಡು ಹೋಗಿ ಅಲ್ಲಿ ಚಾಲೂ ಮಾಡಿದ. ಹುಡುಗಿ ಅಲ್ಲೇ ನಿಂತಿತ್ತು, ಹಿಂದ ಕುಂತಳು."

"ಎಷ್ಟೊತ್ತಾತು?"

"ಹತ್ತೂವರಿ ಇರಬೇಕು. ಯಾಕಪಾ, ಮಾರಿ ಹಿಂಗ್ಯಾಕ ಬೆಳ್ಳಗಾತು?"

ಉಚ್ಚೆಂಗಪ್ಪ ಮನಸ್ಸಿನಲ್ಲೇ ಲೆಕ್ಕ ಹಾಕುತ್ತಿದ್ದ. ಹದಿನೆಂಟು ನಿಮಿಷಕ್ಕೆ ಸಂಡೂರು. ಅಲ್ಲಿಂದ ಹರಿಶಂಕರದ ಘಟ್ಟ ಹತ್ತಲು ಇನ್ನೊಂದು ಹತ್ತು ನಿಮಿಷ. ಅಂದರೆ ಈಗಾಗಲೇ ಮೇಲೆ ಮುಟ್ಟಿದ್ದಾರೆ. ಹತ್ತುವಾಗ ಬ್ರೇಕ್ ಬೇಕಾಗುವುದಿಲ್ಲ. ತೀರ್ಥದ ಹತ್ತಿರ ಕೂತು, ಫೋಟೊ ಹೊಡೆದುಕೊಂಡು, ಒಂದು ತಾಸು ಕಳೆದಾರು. ಆಮೇಲೆ ಇಳಿಯುತ್ತಾರೆ. ನೂರಾ ಹತ್ತರಲ್ಲಿ.

ಸಿದ್ದಲಿಂಗೇಶನಿಗೆ ಫೋನ್ ಮಾಡಿದ. ಎರಡು ಸಲ ರಿಂಗಾಗಿ ಕಟ್ಟಾಯಿತು. ಮೂರನೆಯ ಸಲ ರಿಂಗೂ ಆಗಲಿಲ್ಲ. ನಂಬರ್ ಬ್ಲಾಕ್ ಮಾಡಿದ್ದ. ಆಮೇಲೆ ಕಂಪ್ಲಿಗೆ, ವಿರೂಪಾಕ್ಷಪ್ಪನವರಿಗೆ ಹಚ್ಚಿದ.

"ಸಾವ್ಕಾರ್ರ, ನಿಮ್ಮ ಮಗ ಬ್ರೇಕ್ ಇಲ್ಲದ ಗಾಡಿ ತಗೊಂಡು ಹೋಗ್ಯಾರ್ರಿ. ನಿಮ್ಮ ಫೋನಿನಿಂದ ಒಮ್ಮೆ ಹಚ್ಚಿ, ಎಲ್ಲಿದ್ದೀರೋ ಅಲ್ಲೇ ನಿಂದ್ರಿ ಅಂತ ಹೇಳ್ರಿ."

ವಿರೂಪಾಕ್ಷಪ್ಪನವರು ಹಿಂದೆ ಗಿರಣಿಯ ಸದ್ದಿದ್ದರಿಂದ ಅರ್ಧ ಕೇಳಿ ಅರ್ಧ ಬಿಟ್ಟರು. "ಬ್ರೇಕೇನು? ಏ ಉಚ್ಚೆಂಗಪ್ಪ, ನಮ್ಮ ಸಿದ್ದು ಗಾಡಿ ಹೊಡದ್ರ ಗಾಳಿ ಇದ್ದಂಗ! ನಾನೂ ಹೇಳಿ ಹೇಳಿ ಸಾಕಾತು. ಗಾಡಿ ಮ್ಯಾಲಿದ್ದಾಗ ಫೋನ್ ಎತ್ತಂಗಿಲ್ಲ ಅವ. ಸಂಜಿಗೆ ಬರ್ತಾನ ಬಿಡು."

ಇದ್ದ ಒಂದು ಚೂರು ಧೈರ್ಯವೂ ಉಡುಗಿತು. ಪೈಪು, ಎಣ್ಣೆಯ ಬಾಟಲಿ, ನಟ್ಟು ಬಿಚ್ಚುವ ನಾಲ್ಕು ಪಾನಾ ಚೀಲಕ್ಕೆ ಹಾಕಿಕೊಂಡು ತನ್ನ ಹಳೆಯ ಟಿವಿಎಸ್ ಎಕ್ಸೆಲ್ ಹತ್ತಿದ.

ಸಂಡೂರಿನ ರಸ್ತೆಯುದ್ದಕ್ಕೂ ಅವನು ಮುಂದೆ ನೋಡಲೇ ಇಲ್ಲ. ರಸ್ತೆಯ ಎರಡೂ ಬದಿಯ ತಗ್ಗು, ಮೋರಿಯ ಕೆಳಗು, ಜಾಲಿಯ ಪೊದೆ, ಇವನ್ನೇ ನೋಡುತ್ತ ಹೋದ. ಅದಿರಿನ ಲಾರಿಗಳು ಒಂದರ ಹಿಂದೊಂದು ಬರುತ್ತಿದ್ದವು. ಒಂದೊಂದು ಹಾದುಹೋದಾಗಲೂ ಕೆಂಪು ಧೂಳು ಕವಿದು, ಅದು ಕೆಳಗೆ ಕೂರುವವರೆಗೆ ಆ ಧೂಳಿನಾಚೆ ಏನಿದೆಯೋ ಎಂದು ಕಣ್ಣು ಕಿರಿದು ಮಾಡಿ ಕಾಯುತ್ತಿದ್ದ. ಒಂದು ಕಡೆ ರಸ್ತೆಯ ಮಗ್ಗುಲಲ್ಲಿ ಹತ್ತಿಪ್ಪತ್ತು ಜನ ಗುಂಪಾಗಿ ಬಗ್ಗಿ ಏನನ್ನೋ ನೋಡುತ್ತಿದ್ದರು. ಉಚ್ಚೆಂಗಪ್ಪನಿಗೆ ಗಾಡಿ ನಿಲ್ಲಿಸಲು ಕೈ ಬರಲಿಲ್ಲ. ಕಾಲಿನಿಂದ ನೆಲ ಕೆರೆದು ನಿಲ್ಲಿಸಿದ. ಗುಂಪನ್ನು ಸೀಳಿಕೊಂಡು ಒಳಗೆ ನುಗ್ಗಿದರೆ, ನಡುವೆ ಎರಡು ಟಗರು. ಮಾರುವವನೂ ಕೊಳ್ಳುವವನೂ ಹಲ್ಲು ಎಣಿಸುತ್ತಿದ್ದರು.

"ಇಲ್ಲಿ ಕರೀ ಬುಲೆಟ್ ಏನಾರ ಬಿದ್ದಿತ್ತೇನ್ರಿ?" ಎಂದು ಕೇಳಿದ.

"ಬಿದ್ದಿದ್ರ ನಾವ ಎತ್ತಿಕೊಂಡು ಹೋಗ್ತಿದ್ವಿ" ಎಂದನೊಬ್ಬ.

ಭುಜಂಗನಗರಕ್ಕೆ ಮೊದಲು ರಸ್ತೆ ಬದಿಗೆ ಒಂದು ಕಬ್ಬಿನ ಹಾಲಿನ ಅಂಗಡಿಯಿತ್ತು. ಅದರ ಮುಂದಿನ ಹೊಂಗೆ ಮರದ ನೆರಳಲ್ಲಿ ಕರೀ ಬುಲೆಟ್ ಡಬಲ್ ಸ್ಟ್ಯಾಂಡ್ ಹಾಕಿಕೊಂಡು ನಿಂತಿತ್ತು. ಒಳಗೆ ಸಿದ್ದಲಿಂಗೇಶನೂ ಅವನ ಹುಡುಗಿಯೂ ಎರಡನೆಯ ಗ್ಲಾಸು ಕುಡಿಯುತ್ತಿದ್ದರು. ಬಿದ್ದದ್ದನ್ನೇ ಹುಡುಕುತ್ತಿದ್ದ ಉಚ್ಚೆಂಗಪ್ಪನಿಗೆ ನಿಂತದ್ದು ಕಾಣಲಿಲ್ಲ. ಅವರನ್ನು ದಾಟಿ ಮುಂದೆ ಹೋದ.

ಸಂಡೂರು ಬಂತು. ಪೆಟ್ರೋಲ್ ಬಂಕಿನಲ್ಲಿ ಕೇಳಿದ. "ಭಾನುವಾರ ನೂರು ಬುಲೆಟ್ ಹೋಗ್ತಾವ, ಯಾವದು ಅಂತ ಹೇಳ್ಲಿ?" ಎಂದರು. ಘಟ್ಟ ಹತ್ತತೊಡಗಿದ. ಎಕ್ಸೆಲ್ಲು ಏದುಸಿರು ಬಿಡುತ್ತ ತೆವಳಿತು. ಎರಡು ಕಡೆ ಇಳಿದು ತಳ್ಳಿದ. ಎದುರಿನಿಂದ ಇಳಿದು ಬರುವ ಒಂದೊಂದು ಗಾಡಿಯ ಸದ್ದಿಗೂ ರಸ್ತೆಯ ನಡುವೆ ಬಂದು ಎರಡೂ ಕೈ ಎತ್ತಿದ. ಎಲ್ಲರೂ ಬೈದು ಹೋದರು. ಬುಲೆಟ್ ಮಾತ್ರ ಬರಲಿಲ್ಲ.

ಹರಿಶಂಕರದಲ್ಲಿ ತೆಂಗಿನಕಾಯಿ ಮಾರುವ ಮುದುಕಿಯೊಬ್ಬಳು ಕೂತಿದ್ದಳು.

"ಬುಲೆಟ್ಟಿನ್ಯಾಗ ಒಂದು ಜೋಡಿ ಬಂದಿತ್ತೇನವಾ? ಹುಡುಗ ಬೂಟು ಹಾಕ್ಯಾನ, ಮೀಸಿ ತಿರುವ್ಯಾನ."

"ಇಲ್ಲಪ್ಪ. ಮುಂಜಾನಿಂದ ಇಲ್ಲೇ ಕುಂತೀನಿ. ಬುಲೆಟ್ಟಿನ್ಯಾಗ ಯಾರೂ ಬಂದಿಲ್ಲ."

ಉಚ್ಚೆಂಗಪ್ಪ ಅಲ್ಲೇ ಕಲ್ಲಿನ ಮೇಲೆ ಕುಸಿದ. ಗೋಮುಖದಿಂದ ನೀರು ಸುಮ್ಮನೆ ಬೀಳುತ್ತಿತ್ತು. ಬಾಯಿ ಒಣಗಿದ್ದರೂ ಕುಡಿಯಬೇಕೆನಿಸಲಿಲ್ಲ. ದಾರಿಯಲ್ಲಿ ಸಿಗಲಿಲ್ಲ. ಇಲ್ಲಿಗೆ ಬಂದಿಲ್ಲ. ಹೊರಟು ಎರಡು ತಾಸಿನ ಮೇಲಾಗಿದೆ. ಹದಿನೆಂಟು ನಿಮಿಷಕ್ಕೆ ಸಂಡೂರು ಮುಟ್ಟುವ ಮನುಷ್ಯ ಎರಡು ತಾಸಾದರೂ ಬಂದಿಲ್ಲವೆಂದರೆ ಅರ್ಥ ಒಂದೇ. ಘಟ್ಟದ ಯಾವುದೋ ತಿರುವಿನಲ್ಲಿ ಹೋಗಿದ್ದಾರೆ. ತಾನು ಬರುವಾಗ ಎದುರಿನ ಗಾಡಿಯನ್ನಷ್ಟೇ ನೋಡುತ್ತಿದ್ದ, ಕಣಿವೆ ನೋಡಲಿಲ್ಲ.

ಎಕ್ಸೆಲ್ಲನ್ನು ಮೆಲ್ಲಗೆ ತಳ್ಳುತ್ತ, ಒಂದೊಂದು ತಿರುವಿಗೂ ಅಂಚಿಗೆ ಹೋಗಿ ಬಗ್ಗಿ ನೋಡುತ್ತ ಇಳಿಯತೊಡಗಿದ. ಮೂರನೆಯ ತಿರುವಿನಲ್ಲಿ ಕೆಳಗೆ ಪೊದೆಯ ನಡುವೆ ಕೆಂಪಗೆ ಏನೋ ಕಂಡಿತು. ಬಟ್ಟೆ. ಗಾಳಿಗೆ ಅಲುಗುತ್ತಿತ್ತು.

ವಿರುಪಮ್ಮನಿಗೆ ಫೋನ್ ಹಚ್ಚಿದ. "ಅಕ್ಕಾ, ಆ ಹುಡುಗಿ ಯಾವ ಬಣ್ಣದ ಬಟ್ಟಿ ಹಾಕಿತ್ತು?"

"ಬಣ್ಣಾ? ಕೆಂಪು ಇರಬೇಕಪಾ. ಕೆಂಪೋ, ಕೇಸರಿಯೋ. ಯಾಕ?"

ಅವನು ಫೋನ್ ಜೇಬಿಗಿಟ್ಟ. ಚಪ್ಪಲಿ ಬಿಟ್ಟು, ಬೇರು ಹಿಡಿದು, ಕುಂಡಿಯ ಮೇಲೆ ಜಾರಿಕೊಂಡು ಇಳಿದ. ಜಾಲಿಮುಳ್ಳು ಅಂಗಿಯನ್ನು ಹರಿಯಿತು, ಕೈ ಗೀಚಿತು. "ತಂಗೀ, ತಂಗೀ" ಎಂದು ಕೂಗುತ್ತಲೇ ಇದ್ದ. ಹೆಸರು ಗೊತ್ತಿರಲಿಲ್ಲ. ಹತ್ತಿರ ಹೋಗಿ ಮುಟ್ಟುವಷ್ಟರಲ್ಲಿ ಕಣ್ಣು ಮುಚ್ಚಿಕೊಂಡಿದ್ದ. ಕೈಗೆ ಸಿಕ್ಕದ್ದು ಯಾರದೋ ಹುಟ್ಟುಹಬ್ಬದ ಹರಿದ ಫ್ಲೆಕ್ಸು. ಅದರಲ್ಲಿ ಕೈಮುಗಿದು ನಿಂತವನ ಅರ್ಧ ಮುಖವಷ್ಟೇ ಉಳಿದಿತ್ತು. ಉಚ್ಚೆಂಗಪ್ಪ ಅದನ್ನು ಹಿಡಿದುಕೊಂಡೇ ಕೂತು ಸ್ವಲ್ಪ ಹೊತ್ತು ಅತ್ತ.

ಮತ್ತೆ ಮೇಲೆ ಹತ್ತಿ ರಸ್ತೆಗೆ ಬಂದಾಗ ಕೆಳಗಿನಿಂದ ಹಾರ್ನು ಕೇಳಿಸಿತು. ಒಂದಲ್ಲ, ಹತ್ತಾರು. ಯಾವುದೋ ಮೆರವಣಿಗೆ ಬರುವ ಹಾಗೆ. ತಿರುವಿನಲ್ಲಿ ಮೊದಲು ಕಾಣಿಸಿದ್ದು ಕರೀ ಬುಲೆಟ್. ಮೊದಲನೆಯ ಗೇರಿನಲ್ಲಿ ಡಬ್ ಡಬ್ ಎನ್ನುತ್ತ, ಮನುಷ್ಯ ನಡೆಯುವ ವೇಗದಲ್ಲಿ ಬರುತ್ತಿತ್ತು. ಸಿದ್ದಲಿಂಗೇಶ್ ಎರಡೂ ಬೂಟುಗಳನ್ನು ನೆಲಕ್ಕೆ ತಾಗಿಸಿಕೊಂಡು, ಹ್ಯಾಂಡಲ್ಲನ್ನು ಗಟ್ಟಿಯಾಗಿ ಹಿಡಿದು, ರೆಪ್ಪೆ ಮಿಟುಕಿಸದೆ ಕೂತಿದ್ದ. ಹಿಂದೆ ಹಸಿರು ಚೂಡಿದಾರದ ಹುಡುಗಿ. ಅವಳ ಹಿಂದೆ ಒಂದು ಲಾರಿ, ಭಕ್ತರು ತುಂಬಿದ ಟ್ರ್ಯಾಕ್ಸು, ಎರಡು ಕಾರು, ಒಂದು ಮಿನಿ ಬಸ್ಸು.

ಉಚ್ಚೆಂಗಪ್ಪ ರಸ್ತೆಯ ನಡುವೆಯೇ ಕೂತುಬಿಟ್ಟ. ಮೈಯೆಲ್ಲ ಕೆಂಪು ಧೂಳು, ಹರಿದ ಅಂಗಿ, ರಕ್ತ ಬಂದ ಕೈ.

"ಕಳ್ಳ! ಕಳ್ಳ!" ಎಂದು ಕಿರುಚಿದ ಸಿದ್ದಲಿಂಗೇಶ್. ಕಾಲು ನೆಲದಲ್ಲೇ ಇದ್ದುದರಿಂದ ಗಾಡಿ ಸುಲಭವಾಗಿ ನಿಂತಿತು. ಆಮೇಲೆ ಗುರುತು ಹಿಡಿದ. "ಏ ಮೇಸ್ತ್ರಿ! ನನ್ನ ಬೆನ್ನು ಹತ್ತಿ ಇಲ್ಲೀತನಾ ಬಂದೀಯಾ?"

"ಸಾವ್ಕಾರ್ರ, ಬದುಕಿದ್ರಾ!" ಎಂದ ಉಚ್ಚೆಂಗಪ್ಪ. ಎದ್ದು ಬಂದು ಅವನ ತೋಳು, ಹೆಗಲು ಮುಟ್ಟಿ ನೋಡಿದ. "ಎಲ್ಲಿ ಹೋಗಿದ್ರಿ? ಹತ್ತೂವರಿಗೆ ಬಿಟ್ಟೀರಿ. ಹದಿನೆಂಟು ನಿಮಿಷಕ್ಕ ಸಂಡೂರು ಅಂದಿದ್ರಿ. ಈಗ ಎರಡಕ್ಕ ಹತ್ತು ನಿಮಿಷ ಐತಿ. ನಾನು ಹನ್ನೊಂದೂವರಿಗೆ ಬಿಟ್ಟು, ಆ ಟಿವಿಎಸ್ಸಿನ್ಯಾಗ, ನಿಮಗಿಂತ ಒಂದು ತಾಸು ಮೊದಲು ಹೆಂಗ ಬಂದೆ?"

ಅವನು ನಿಜವಾಗಿಯೂ ತಿಳಿದುಕೊಳ್ಳಲೆಂದೇ ಕೇಳಿದ್ದ. ಲಾರಿಯ ಕ್ಲೀನರ್ ಮೊದಲು ನಕ್ಕ. ಆಮೇಲೆ ಟ್ರ್ಯಾಕ್ಸಿನಿಂದ ಇಳಿದವರೆಲ್ಲ ನಕ್ಕರು.

"ಹದಿನೆಂಟು ನಿಮಿಷಾನಾ?" ಲಾರಿ ಡ್ರೈವರ್ ಕಿಟಕಿಯಿಂದ ತಲೆ ಹಾಕಿದ. "ಹದಿನೆಂಟು ನಿಮಿಷದಿಂದ ಈ ಪುಣ್ಯಾತ್ಮನ ಹಿಂದ ಫಸ್ಟ್ ಗೇರಿನ್ಯಾಗ ಅದೀನಿ! ಸೈಡ್ ಕೊಡ್ಲಿಕ್ಕೂ ಹ್ಯಾಂಡಲ್ ತಿರುವವಲ್ಲ!"

ಸಿದ್ದಲಿಂಗೇಶನ ಕಿವಿ ಕೆಂಪಾದವು. "ಹೆಣ್ಣುಮಕ್ಕಳು ಹಿಂದ ಕುಂತಾಗ ಜೋರು ಹೊಡಿಬಾರದಂತ ಮೆಲ್ಲಕ ಬಂದೀನಿ. ನಿನ್ನ ಬ್ರೇಕಿನ ಕತಿ ಎಲ್ಲಾ ಸುಳ್ಳು. ಬ್ರೇಕ್ ಮಸ್ತ್ ಐತಿ."

"ಹಿಡಿದು ನೋಡಿದ್ರೇನು?"

"ಹಿಡಿಯೋ ಕೆಲಸ ಬರಲಿಲ್ಲ."

"ಈಗ ಹಿಡಿರಿ."

ಸಿದ್ದಲಿಂಗೇಶ್ ಮುಂದಿನ ಬ್ರೇಕ್ ಒತ್ತಿದ. ಅದು ಒಣಗಿದ ಬಾಳೆಯ ದಂಟಿನಂತೆ ಸಲೀಸಾಗಿ ಹಿಡಿಕೆಯವರೆಗೂ ಹೋಯಿತು. ಬಿಟ್ಟು ಮತ್ತೊಮ್ಮೆ ಒತ್ತಿದ. ಹಿಂದೆ ಕೂತವಳು ಇಳಿದು ಬಂದು ತಾನೂ ಒತ್ತಿ ನೋಡಿದಳು. ತೋರಣಗಲ್ಲಿನ ಕಾರ್ಖಾನೆಯೊಂದರ ಲ್ಯಾಬಿನಲ್ಲಿ ಕೆಲಸ ಮಾಡುವ ಶೈಲಶ್ರೀ ಹೆಚ್ಚು ಮಾತಿನವಳಲ್ಲ.

"ಬ್ರೇಕ್ ಇಲ್ಲ ಅಂತ ಇವರು ನಿಮಗ ಮೊದಲ ಹೇಳಿದ್ರೇನ್ರಿ?" ಎಂದು ಕೇಳಿದಳು.

"ಇವ ಏನೇನೋ ಹೇಳ್ತಾನ..."

"ಹೇಳಿದ್ರೋ ಇಲ್ಲೋ?"

ಅಷ್ಟು ಜನರ ಎದುರಿಗೆ, ಅದೂ ಅವಳ ಬಾಯಿಂದ ಆ ಪ್ರಶ್ನೆ ಬಂದದ್ದು ಸಿದ್ದಲಿಂಗೇಶನಿಗೆ ತಡೆಯಲಾಗಲಿಲ್ಲ. "ಹೇಳಿದ್ದ! ಹೇಳಿದ್ರ ಏನಾತು? ನೋಡ್ರಿ ಎಲ್ಲಾರೂ! ಇದ ಗಾಡೀನ, ಇದ ಘಟ್ಟದಾಗ, ಬ್ರೇಕ್ ಇಲ್ಲದ ಇಳಿದು ತೋರಿಸ್ತೀನಿ!" ಎಂದವನೇ ಹ್ಯಾಂಡಲ್ ತಿರುಗಿಸಿ, ಕಾಲಿನಿಂದ ನೂಕಿ ನೂಕಿ ಬುಲೆಟ್ಟಿನ ಮುಖವನ್ನು ಇಳಿಜಾರಿನ ಕಡೆಗೆ ಮಾಡಿದ. ಎಂಜಿನ್ ಗುಡುಗಿತು.

ನಗುತ್ತಿದ್ದವರೆಲ್ಲ ಹಿಂದೆ ಸರಿದರು. ಉಚ್ಚೆಂಗಪ್ಪನ ಕಣ್ಣಿಗೆ ಕೆಳಗಿನ ತಿರುವು, ಅದರಾಚೆಯ ಬರೀ ಗಾಳಿ ಕಂಡಿತು. ಬೇರೇನೂ ಹೊಳೆಯಲಿಲ್ಲ. ಬಗ್ಗಿ ಎಂಜಿನ್ನಿನ ಪ್ಲಗ್ಗಿನ ವೈರನ್ನು ಕಿತ್ತ. ಗಾಡಿ ಗಪ್ಪನೆ ಬಂದಾಯಿತು.

ಆದರೆ ಇಳಿಜಾರು ಬಂದಾಗಲಿಲ್ಲ. ಗಾಬರಿಯಲ್ಲಿ ಸಿದ್ದಲಿಂಗೇಶ್ ಕ್ಲಚ್ ಹಿಡಿದು, ಗೇರಿನ ತಡೆಯನ್ನೂ ಬಿಡಿಸಿಬಿಟ್ಟಿದ್ದ. ಇನ್ನೂರು ಕಿಲೋದ ಗಾಡಿ ಸದ್ದೇ ಇಲ್ಲದೆ ಉರುಳತೊಡಗಿತು. ಸವೆದ ಹಿಂದಿನ ಬ್ರೇಕೂ ಹಿಡಿಯಲಿಲ್ಲ.

"ಕ್ಲಚ್ ಬಿಡ್ರಿ! ಸಾವ್ಕಾರ್ರ, ಕ್ಲಚ್ ಬಿಡ್ರಿ!"

ಹೆದರಿದ ಮನುಷ್ಯ ಹಿಡಿದದ್ದನ್ನು ಬಿಡುವುದಿಲ್ಲ, ಇನ್ನಷ್ಟು ಬಿಗಿಯಾಗಿ ಹಿಡಿಯುತ್ತಾನೆ. "ಅವ್ವಾ! ಅಣ್ಣಾ, ಹಿಡೀರಿ! ಹಿಡೀರಿ ಅಣ್ಣಾ!" ಎಂದು ಸಿದ್ದಲಿಂಗೇಶ್ ಒದರಿದ. ಉಚ್ಚೆಂಗಪ್ಪ ಹಿಂದಿನ ಕಬ್ಬಿಣದ ಹಿಡಿಯನ್ನು ಎರಡೂ ಕೈಯಿಂದ ಹಿಡಿದು ಜೋತುಬಿದ್ದ. ಬರಿಗಾಲಿನ ಹಿಮ್ಮಡಿ ಡಾಂಬರಿನ ಮೇಲೆ ಉಜ್ಜಿ ಸುಟ್ಟಂತಾಯಿತು. ಶೈಲಶ್ರೀ ಓಡಿಬಂದು ಇನ್ನೊಂದು ಮಗ್ಗುಲು ಹಿಡಿದಳು. ಗಾಡಿಯ ವೇಗ ತಗ್ಗಿತು, ನಿಲ್ಲಲಿಲ್ಲ. ರಸ್ತೆ ರಿಪೇರಿಗೆಂದು ಎಡಗಡೆ ಜಲ್ಲಿ ರಾಶಿ ಸುರಿದಿದ್ದರು.

"ಜಲ್ಲಿ ಕಡಿ! ಜಲ್ಲಿ ಕಡಿ ತಿರುವ್ರಿ!"

ಉಚ್ಚೆಂಗಪ್ಪ ಭುಜ ಕೊಟ್ಟು ಗಾಡಿಯನ್ನು ಪಕ್ಕಕ್ಕೆ ನೂಕಿದ. ಮುಂದಿನ ಗಾಲಿ ಜಲ್ಲಿಯೊಳಗೆ ಹೂತು, ಬುಲೆಟ್ ಒಮ್ಮೆ ಓಲಾಡಿ, ಮಗ್ಗುಲಾಗಿ ಬಿತ್ತು. ಸಿದ್ದಲಿಂಗೇಶ್ ರಾಶಿಯ ಮೇಲೆ ಅಂಗಾತ ಬಿದ್ದ. ಕನ್ನಡಕ ಎಲ್ಲಿ ಹೋಯಿತೋ. ತಿರುವು ಅಲ್ಲಿಂದ ಹದಿನೈದು ಹೆಜ್ಜೆ.

ಯಾರಿಗೂ ಹೆಚ್ಚಿನ ಪೆಟ್ಟಾಗಿರಲಿಲ್ಲ. ಲಾರಿ ಡ್ರೈವರ್ ನೀರಿನ ಬಾಟಲಿ ತಂದುಕೊಟ್ಟು, ಮೂವರ ಮುಖವನ್ನೂ ನೋಡಿ, ಹೋಗಿ ಲಾರಿ ಹತ್ತಿದ. ಹಿಂದಿನ ಗಾಡಿಗಳೂ ಒಂದೊಂದಾಗಿ ಹಾದುಹೋದವು.

ಮೊದಲು ಮಾತಾಡಿದವನು ಉಚ್ಚೆಂಗಪ್ಪ. "ಪ್ಲಗ್ಗಿನ ವೈರ್ ಕಿತ್ತದ್ದು ನಂದ ತಪ್ಪು. ಎಂಜಿನ್ ಗಪ್ಪನ ಬಂದಾಗಿದ್ದಕ್ಕ ನೀವು ಗಾಬರಿಯಾಗಿ ಕ್ಲಚ್ ಹಿಡಿದ್ರಿ, ಇಲ್ಲಂದ್ರ ಗೇರಾದ್ರೂ ತಡೀತಿತ್ತು. ಹೆದರಿದ್ದೆ, ತಲಿ ಓಡಲಿಲ್ಲ."

ಸಿದ್ದಲಿಂಗೇಶ್ ಅವನ ಕಡೆ ತಿರುಗಿದ. ತನ್ನನ್ನು ಬೈಯಲು ಇಷ್ಟೆಲ್ಲ ಕಾರಣವಿದ್ದೂ ಈ ಮನುಷ್ಯ ತನ್ನ ತಪ್ಪು ಹುಡುಕುತ್ತಿದ್ದಾನಲ್ಲ ಎಂಬುದು ಅವನಿಗೆ ಅರ್ಥವಾಗಲಿಲ್ಲ. ಬೂಟು ಬಿಚ್ಚಿ, ಒಳಗೆ ಹೋಗಿದ್ದ ಜಲ್ಲಿ ಸುರಿದ.

"ನನಗ ಗಾಡಿ ಹೊಡಿಯಾಕ ಬರಂಗಿಲ್ರಿ ಅಣ್ಣಾ" ಎಂದ. "ನಾಕು ತಿಂಗಳಾತು ಕಲತು. ಮೂವತ್ತು ದಾಟಿದ್ರ ಕೈ ಸೋಲ್ತಾವ. ಲಾರಿ ಬಂತಂದ್ರ ಕಣ್ಣ ಮುಚ್ಚಿಬಿಡ್ತೀನಿ. ನಮ್ಮ ಅಪ್ಪ ನಾಕು ಮಂದಿ ಮುಂದ ನನ್ನ ಮಗ ಗಾಳಿ, ಬಿರುಗಾಳಿ ಅಂತಾನ. ನಾನೂ ಹೌದು ಅಂದುಕೊಂತ ಬಂದೆ."

"ಹಂಗಾದ್ರ ಆ ಕರಡಿ?"

"ಕರಡೀನ ನಾ ಟಿವಿಯಾಗ ನೋಡೀನಿ."

ಉಚ್ಚೆಂಗಪ್ಪ ಅವನ ಮುಖವನ್ನೇ ನೋಡಿದ. ಎರಡೂವರೆ ತಾಸು ತಾನು ಪಟ್ಟ ಸಂಕಟವೆಲ್ಲ ಇಲ್ಲದ ವೇಗಕ್ಕಾಗಿ ಎಂದು ಅವನಿಗೆ ಆಗ ಹೊಳೆಯಿತು. ಸಿಟ್ಟು ಬರಬೇಕಾಗಿತ್ತು. ಬರಲಿಲ್ಲ. ಈ ಹುಡುಗ ಹೇಳಿದ್ದು ನಿಜವಾಗಿದ್ದರೆ ಇಷ್ಟೊತ್ತಿಗೆ ಇಬ್ಬರೂ ಇರುತ್ತಿರಲಿಲ್ಲ ಎಂಬುದಷ್ಟೇ ತಲೆಯಲ್ಲಿ ತಿರುಗುತ್ತಿತ್ತು. ಚೀಲ ಬಿಚ್ಚಿದ. ಅಲ್ಲೇ ಜಲ್ಲಿಯ ಪಕ್ಕದಲ್ಲಿ ಕೂತು ಹೊಸ ಪೈಪು ಹಾಕತೊಡಗಿದ.

ಶೈಲಶ್ರೀ ಸ್ವಲ್ಪ ದೂರದ ಕಲ್ಲಿನ ಮೇಲೆ ಕೂತಿದ್ದಳು. ಸಿದ್ದಲಿಂಗೇಶ್ ಅವಳೆದುರು ಹೋಗಿ ನಿಂತ.

"ನಿಮಗ ಸಿಟ್ಟು ಬಂದೈತಿ" ಎಂದ.

"ಮೆಲ್ಲಕ ಹೊಡಿತೀರಿ ಅನ್ನೋದು ಹೊಸಪೇಟೆ ದಾಟೋದ್ರಾಗ ಗೊತ್ತಾತು. ಸೈಕಲ್ಲಿನ ಮ್ಯಾಲೆ ಒಬ್ಬ ಅಜ್ಜ ನಮ್ಮನ್ನ ದಾಟಿ ಹೋಗಿ, ತಿರುಗಿ ನೋಡಿದ. ನನಗ ಅದರಾಗ ಏನೂ ಬ್ಯಾಸರ ಇರಲಿಲ್ಲ. ಸಮಾಧಾನ ಆಗಿತ್ತು." ಅವಳು ಉಗುರಿನಲ್ಲಿ ಸಿಕ್ಕ ಕೊಳೆ ತೆಗೆಯುತ್ತ ಹೇಳಿದಳು. "ಬ್ರೇಕ್ ಇಲ್ಲಂತ ಗೊತ್ತಿದ್ದೂ ನನ್ನ ಹಿಂದ ಕುಂದ್ರಿಸಿಕೊಂಡ್ರಲ್ಲ, ಅದು."

ಸಿದ್ದಲಿಂಗೇಶ್ ಮೀಸೆ ಮುಟ್ಟಲು ಎತ್ತಿದ ಕೈಯನ್ನು ಹಾಗೇ ಇಳಿಸಿದ. "ತಪ್ಪಾತು" ಎಂದ. ಹೇಳಿ ಅಭ್ಯಾಸವಿಲ್ಲದ ಮಾತಾದ್ದರಿಂದ ಅದು ತೀರಾ ಸಣ್ಣ ದನಿಯಲ್ಲಿ ಬಂತು.

ಮುಂದಿನ ಬ್ರೇಕ್ ಸರಿಯಾದ ಮೇಲೂ ಉಚ್ಚೆಂಗಪ್ಪ ಬುಲೆಟ್ಟನ್ನು ಸಿದ್ದಲಿಂಗೇಶನಿಗೆ ಕೊಡಲಿಲ್ಲ. ತಾನೇ ಹತ್ತಿದ. ಅವನಿಗೆ ಎಕ್ಸೆಲ್ ಕೊಟ್ಟ. ಶೈಲಶ್ರೀ ಎರಡೂ ಗಾಡಿ ಹತ್ತಲಿಲ್ಲ. ಇಳಿದು ಬರುತ್ತಿದ್ದ ಬೇರೊಂದು ಮಿನಿ ಬಸ್ಸಿಗೆ ಕೈ ಮಾಡಿದಳು. ಘಟ್ಟ ಇಳಿಯುವಷ್ಟು ಹೊತ್ತೂ ಉಚ್ಚೆಂಗಪ್ಪನ ಕಣ್ಣು ಕನ್ನಡಿಯಲ್ಲೇ ಇತ್ತು. ಮೊಣಕಾಲಿನ ತನಕ ಬೂಟು ಹಾಕಿದ ಮನುಷ್ಯ ಮೊಣಕಾಲು ಮಡಚಿಕೊಂಡು, ಎಕ್ಸೆಲ್ಲಿನ ಮೇಲೆ ಹುಷಾರಾಗಿ ಬರುತ್ತಿದ್ದ. ತಿರುವಿನಲ್ಲಿ ಒಂದು ಕ್ಷಣ ಕಾಣದಾದರೆ ಉಚ್ಚೆಂಗಪ್ಪ ಗಾಡಿ ನಿಲ್ಲಿಸಿ ಕಾಯುತ್ತಿದ್ದ.

ಸಂಡೂರಿನ ಬಸ್ ಸ್ಟ್ಯಾಂಡಿನಲ್ಲಿ ತೋರಣಗಲ್ಲಿನ ಬಸ್ಸು ಹೊರಡುವ ಮೊದಲು ಸಿದ್ದಲಿಂಗೇಶ್ ಕಿಟಕಿಯ ಹತ್ತಿರ ನಿಂತು, "ಮನಿಯಾಗ ಹೇಳ್ತೀರೇನು?" ಎಂದು ಕೇಳಿದ.

"ಇದ್ದದ್ದು ಇದ್ದಂಗ ಹೇಳ್ತೀನಿ" ಎಂದಳು. ಬಸ್ಸು ಹೊರಟಿತು.

ಅವಳು ಹೇಳಿದಳು. ಮದುವೆ ಬೇಡ ಎನ್ನುವವರೆಗೂ ಮಾತು ಬೆಳೆಯಿತು. ಹತ್ತು ದಿನ ಎರಡೂ ಮನೆಗಳ ನಡುವೆ ಫೋನು ಓಡಾಡಿತು. ಕೊನೆಗೆ ಸಿದ್ದಲಿಂಗೇಶನೇ ತೋರಣಗಲ್ಲಿಗೆ ಹೋಗಿ ಹುಡುಗಿಯ ತಂದೆಯ ಮುಂದೆ ಕೂತು, ಕರಡಿಯದೂ ಸೇರಿಸಿ, ಎಲ್ಲವನ್ನೂ ಹೇಳಿದ. ಬಸ್ಸಿನಲ್ಲಿ ಹೋಗಿದ್ದ. ಅವನು ಬಸ್ಸಿನಲ್ಲಿ ಬಂದದ್ದನ್ನು ಶೈಲಶ್ರೀ ಕಿಟಕಿಯಿಂದ ನೋಡಿದಳಂತೆ. ಲಗ್ನ ಮಾತ್ರ ಮೂರು ತಿಂಗಳು ಮುಂದೆ ಹೋಯಿತು. ಅಷ್ಟು ದಿನ ನೋಡೋಣ ಎಂದು ಅವಳೇ ಹೇಳಿದ್ದಳು.

ಬುಲೆಟ್ಟಿನ ಹಿಂದಿನ ಬ್ರೇಕೂ ಸರಿಯಾಗಿ, ಅದನ್ನು ಒಯ್ಯಲು ಸಿದ್ದಲಿಂಗೇಶ್ ಗ್ಯಾರೇಜಿಗೆ ಬಂದ ದಿನ ಮತ್ತೊಂದು ಜಗಳವಾಯಿತು. ಟ್ಯಾಂಕಿನ ಮೇಲೆ ಗೇಣುದ್ದದ ಗೀರು ಬಿದ್ದಿತ್ತು.

"ಇದು ನಿಮ್ಮಿಂದ ಆದದ್ದು ಅಣ್ಣಾ. ನೀವು ಭುಜ ಕೊಟ್ಟು ನೂಕಿದ್ರಿ."

"ನೂಕಿದೆ. ಆದ್ರ ಇದರ ಈ ತುದಿ ಹಳೇದು. ನೋಡ್ರಿ, ತುಕ್ಕು ಹಿಡದೈತಿ. ಇಲ್ಲಿಂದ ಇಲ್ಲೀತನ ನನ್ನಿಂದ ಆದದ್ದು. ಈ ಕಡಿದು ನಿಮ್ದು." ಉಚ್ಚೆಂಗಪ್ಪ ಬೆರಳಿಟ್ಟು ಅಳೆದು ತೋರಿಸಿದ.

ಗಾಡಿ ಬಿಡಿಸಿಕೊಳ್ಳಲು ಬಂದಿದ್ದ ಒಬ್ಬಾತ ಕೇಳಿದ. "ಏನಾಗಿತ್ರಿ ಗಾಡಿಗೆ? ಭಾರಿ ಗೀರು ಬಿದ್ದೈತಲ್ಲ."

ಸಿದ್ದಲಿಂಗೇಶ್ ಎದೆ ಸೆಟೆದು ನಿಂತ. "ಹರಿಶಂಕರದ ಘಟ್ಟದಾಗ, ಬ್ರೇಕ್ ಇಲ್ಲದ ಗಾಡಿ, ಕೆಳಗ ಕಣಿವಿ. ನಾನು ಹಂಗ..." ಎಂದು ಶುರು ಮಾಡಿದ. ಉಚ್ಚೆಂಗಪ್ಪ ಕೆಲಸ ಬಿಟ್ಟು ತಲೆಯೆತ್ತಿ, ಮುಂದೇನಾಯಿತೆಂದು ತಿಳಿದುಕೊಳ್ಳುವವನ ಹಾಗೆ ಗಮನವಿಟ್ಟು ಅವನ ಬಾಯನ್ನೇ ನೋಡುತ್ತಿದ್ದ.

ಸಿದ್ದಲಿಂಗೇಶ್ ಒಮ್ಮೆ ಕೆಮ್ಮಿದ.

"...ನಾನೂ ಇವರೂ ಸೇರಿ ಜಲ್ಲಿಯಾಗ ಕೆಡವಿದ್ವಿ" ಎಂದ.